ಕೂಸಿಗೆ ಆ್ಯಂಟಿಬಯಾಟಿಕ್ ಕೊಡುವ ಮುನ್ನ

ಮಳೆಗಾಲ ಹಿಡಿದ ಮೇಲೆ ಕಲಬುರಗಿಯ ಯಾವ ಔಷಧ ಅಂಗಡಿಯ ಮುಂದೆ ಬೇಕಾದರೂ ಸಂಜೆ ಹೊತ್ತು ನಿಂತು ನೋಡಿ, ಇಂಥದೊಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಅಣ್ಣಾ, ಕೂಸಿಗಿ ನೆಗಡಿ, ಕೆಮ್ಮ ಆಗ್ಯಾದ. ಹೋದ ಸಲ ಕೊಟ್ಟಿದ್ರಲ್ಲಾ ಪುಡಿ ಬಾಟ್ಲಿ, ಅದೇ ಕೊಡ್ರಿ.’ ಅಂಗಡಿಯವರು ‘ಎಷ್ಟು ತಿಂಗಳ ಕೂಸ್ರೀ?’ ಎಂದು ಕೇಳಿ ಕೊಟ್ಟುಬಿಡುತ್ತಾರೆ. ಕೇಳುವ ತಾಯಿಗೆ ಅವಳದೇ ಕಾರಣಗಳಿವೆ. ಕಮಲಾಪುರದ ಕಡೆಯಿಂದ ಬಂದವಳಾದರೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಊರಿಗೆ ಕತ್ತಲಾಗುವ ಮೊದಲು ಬಸ್ ಹಿಡಿಯಬೇಕು. ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತರೆ ಒಂದು ದಿನದ ಕೂಲಿ ಹೋಗುತ್ತದೆ. ಮೇಲಾಗಿ, ಹೋದ ಸಲ ಅದೇ ಬಾಟಲಿ ಕೊಟ್ಟ ಮೇಲೆ ಕೂಸು ಆರಾಮಾಗಿತ್ತು.

ಆ ತಾಯಿಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆದರೆ ಹೋದ ಸಲ ಕೂಸು ಆರಾಮಾದದ್ದು ಬಾಟಲಿಯಿಂದ ಎಂಬ ಲೆಕ್ಕ ಮಾತ್ರ ತಪ್ಪು. ನೆಗಡಿ ಬರುವುದು ವೈರಸ್‌ನಿಂದ. ಅದು ಏಳರಿಂದ ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಮ್ಮು ಎರಡು ಮೂರು ವಾರ ಉಳಿಯಬಹುದು. ನಾಲ್ಕನೇ ದಿನ ಮನೆಯವರಿಗೆ ಧೈರ್ಯ ಸಾಲದೆ ಔಷಧ ಶುರು ಮಾಡುತ್ತಾರೆ, ಏಳನೇ ದಿನ ಕೂಸು ನಗುತ್ತದೆ, ಹೆಸರು ಬಾಟಲಿಗೆ ಬರುತ್ತದೆ. ಆ ಬಾಟಲಿಯಲ್ಲಿದ್ದ ಅಮಾಕ್ಸಿಸಿಲಿನ್ ಅಥವಾ ಸೆಫಿಕ್ಸಿಮ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧ. ವೈರಸ್‌ಗೆ ಅದು ಏನೂ ಮಾಡದು. ಅದು ತನ್ನ ಕೆಲಸ ಮಾಡುವುದು ಬೇರೆ ಕಡೆ, ಕೂಸಿನ ಕರುಳಿನಲ್ಲಿ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ನ್ಯುಮೋನಿಯಾ ಆದ ಕೂಸಿಗೆ, ನಂಜು ರಕ್ತಕ್ಕೇರಿದ ಹಸುಗೂಸಿಗೆ ಆ್ಯಂಟಿಬಯಾಟಿಕ್ ಜೀವದಾನವೇ. ಅಂಥ ಹೊತ್ತಿನಲ್ಲಿ ‘ಸೈಡ್ ಎಫೆಕ್ಟ್ ಆಗ್ತದಂತ’ ಎಂದು ತಡ ಮಾಡಿದರೆ ಕೂಸು ಕೈತಪ್ಪುತ್ತದೆ. ಈ ಲೇಖನ ಓದಿ ಯಾರೂ ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸಬಾರದು. ನಿಲ್ಲಬೇಕಾದದ್ದು ಆ್ಯಂಟಿಬಯಾಟಿಕ್ ಬೇಡದ ಕಾಯಿಲೆಗೆ, ಕೇಳಿ ಪಡೆದು ಕುಡಿಸುವ ಔಷಧ.

ಕರುಳಿನಲ್ಲಿ ನಡೆಯುವುದೇನು?

ಹೆರಿಗೆಯ ಗಳಿಗೆಯಿಂದಲೇ ಕೂಸಿನ ಮೈಮೇಲೆ, ಬಾಯಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರತೊಡಗುತ್ತವೆ. ಹೆಚ್ಚಿನವು ತಾಯಿಯಿಂದ ಬಂದವು. ಇವುಗಳಲ್ಲಿ ಎಳೆಗೂಸಿಗೆ ಬಹಳ ಬೇಕಾದ ಕುಲವೊಂದಿದೆ, ಬೈಫಿಡೋಬ್ಯಾಕ್ಟೀರಿಯಂ ಎಂದು ಅದರ ಹೆಸರು. ಎದೆಹಾಲು ಈ ಕುಲಕ್ಕಾಗಿಯೇ ಬುತ್ತಿ ಕಟ್ಟಿಕೊಂಡು ಬರುತ್ತದೆ. ಲ್ಯಾಕ್ಟೋಸ್ ಸಕ್ಕರೆ ಮತ್ತು ಕೊಬ್ಬು ಬಿಟ್ಟರೆ ಎದೆಹಾಲಿನಲ್ಲಿರುವ ಘನಪದಾರ್ಥಗಳಲ್ಲಿ ಮೂರನೇ ಸ್ಥಾನ ಆಲಿಗೋಸ್ಯಾಕರೈಡ್ ಎಂಬ ಸಂಕೀರ್ಣ ಸಕ್ಕರೆಗಳಿಗೆ. ಇವನ್ನು ಕೂಸು ತಾನು ಅರಗಿಸಿಕೊಳ್ಳಲಾರದು. ಹಾಗಾದರೆ ತಾಯಿಯ ದೇಹ ಅಷ್ಟು ಕಷ್ಟಪಟ್ಟು ಅವನ್ನು ತಯಾರಿಸುವುದೇಕೆ ಎಂದು ವಿಜ್ಞಾನಿಗಳು ಬಹುಕಾಲ ತಲೆ ಕೆಡಿಸಿಕೊಂಡಿದ್ದರು. ಅವು ದೊಡ್ಡ ಕರುಳಿಗೆ ಹಾಗೇ ಇಳಿದು ಬೈಫಿಡೋಬ್ಯಾಕ್ಟೀರಿಯಾಗಳ ಆಹಾರವಾಗುತ್ತವೆ. ಅವನ್ನು ತಿಂದ ಬ್ಯಾಕ್ಟೀರಿಯಾಗಳು ಅಸಿಟಿಕ್ ಮತ್ತು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಕರುಳು ಸ್ವಲ್ಪ ಹುಳಿಯಾಗುತ್ತದೆ. ಭೇದಿ ತರುವ ಅನೇಕ ರೋಗಾಣುಗಳಿಗೆ ಆ ಹುಳಿ ಆಗಿಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ರೋಗನಿರೋಧಕ ಶಕ್ತಿಯದು. ನಮ್ಮ ದೇಹದ ರಕ್ಷಣಾ ಕೋಶಗಳಲ್ಲಿ ಬಹಳಷ್ಟು ಕರುಳಿನ ಗೋಡೆಯ ಸುತ್ತಮುತ್ತ ಇರುತ್ತವೆ. ಯಾವುದರ ಮೇಲೆ ಬೀಳಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಎಂದು ಅವು ಕಲಿಯುವುದು ಕರುಳಿನ ಬ್ಯಾಕ್ಟೀರಿಯಾಗಳ ಒಡನಾಟದಲ್ಲಿ. ಬ್ಯಾಕ್ಟೀರಿಯಾಗಳು ತಯಾರಿಸುವ ಕೆಲವು ಆಮ್ಲಗಳು ರಕ್ಷಣಾ ವ್ಯವಸ್ಥೆಯ ಅತಿರೇಕಕ್ಕೆ ಕಡಿವಾಣ ಹಾಕುವ ಕೋಶಗಳನ್ನು ಬೆಳೆಸುತ್ತವೆ. ಈ ಕಲಿಕೆ ಸರಿಯಾಗದಿದ್ದರೆ ಹೂವಿನ ಪರಾಗ, ಧೂಳು, ಶೇಂಗಾದಂಥ ನಿರಪಾಯದ ವಸ್ತುವಿನ ಮೇಲೂ ದೇಹ ಕಾದಾಟಕ್ಕಿಳಿಯುತ್ತದೆ. ಅಲರ್ಜಿ, ಉಬ್ಬಸ, ಚರ್ಮದ ತುರಿಕೆಯ ಬೇರುಗಳಲ್ಲಿ ಇದೂ ಒಂದು. ಸುಮಾರು ಮೂರು ವರ್ಷಕ್ಕೆ ಮಗುವಿನ ಕರುಳಿನ ಬ್ಯಾಕ್ಟೀರಿಯಾಗಳ ಸಮುದಾಯ ದೊಡ್ಡವರದನ್ನು ಹೋಲುವ ಹಂತಕ್ಕೆ ಬರುತ್ತದೆ. ಅಲ್ಲಿಯವರೆಗೆ, ಅದರಲ್ಲೂ ಮೊದಲ ವರ್ಷ, ಅದು ಇನ್ನೂ ಬೇರು ಬಿಡುತ್ತಿರುವ ಸಮುದಾಯ.

ಅಲ್ಲಿಗೆ ಆ್ಯಂಟಿಬಯಾಟಿಕ್ ಹೋದರೆ? ನಮ್ಮ ಕಡೆ ತೊಗರಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಸ ಸಾಯಲೆಂದು ಸಿಕ್ಕ ಔಷಧಿ ಹೊಡೆದರೆ ಎಳೆಯ ತೊಗರಿಯೂ ಒಣಗುತ್ತದೆ, ಖಾಲಿಯಾದ ಹೊಲದಲ್ಲಿ ಮೊದಲು ತಲೆ ಎತ್ತುವುದು ಮತ್ತೆ ಕಸವೇ. ಕರುಳಿನಲ್ಲೂ ಬೈಫಿಡೋಬ್ಯಾಕ್ಟೀರಿಯಾಗಳು ಮೊದಲು ಸಾಯುತ್ತವೆ, ಔಷಧಕ್ಕೆ ಬಗ್ಗದವು ಆ ಜಾಗ ಹಿಡಿಯುತ್ತವೆ. ಫಿನ್ಲೆಂಡಿನ 39 ಮಕ್ಕಳನ್ನು ಹುಟ್ಟಿದಾಗಿನಿಂದ ಮೂರು ವರ್ಷ ಹಿಂಬಾಲಿಸಿ, ತಿಂಗಳು ತಿಂಗಳು ಮಲ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪದೇ ಪದೇ ಆ್ಯಂಟಿಬಯಾಟಿಕ್ ಪಡೆದ ಮಕ್ಕಳ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಿತ್ತು, ಇದ್ದ ಸಮುದಾಯವೂ ಸ್ಥಿರವಾಗಿರಲಿಲ್ಲ. ಔಷಧ ಕೊಟ್ಟ ಬೆನ್ನಿಗೆ, ಔಷಧಕ್ಕೆ ಬಗ್ಗದ ಗುಣ ಕೊಡುವ ಜೀನ್‌ಗಳು ಕರುಳಿನಲ್ಲಿ ಏರಿದ್ದೂ ಕಂಡಿತು. ನಾಳೆ ನಿಜವಾಗಿಯೂ ದೊಡ್ಡ ಸೋಂಕು ಬಂದಾಗ ಔಷಧ ನಾಟದಿರುವುದಕ್ಕೆ ಬುನಾದಿ ಬೀಳುವುದು ಹೀಗೆ.

ಲಸಿಕೆಯ ಸಂಗತಿ ನನ್ನ ಮಟ್ಟಿಗೆ ಇನ್ನೂ ಮುಖ್ಯ. ಆಸ್ಟ್ರೇಲಿಯಾದಲ್ಲಿ 191 ಆರೋಗ್ಯವಂತ ಕೂಸುಗಳ ಮೇಲೆ ನಡೆದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಹುಟ್ಟಿದ ಮೊದಲ ವಾರಗಳಲ್ಲಿ ನೇರವಾಗಿ ಆ್ಯಂಟಿಬಯಾಟಿಕ್ ಪಡೆದ ಕೂಸುಗಳಲ್ಲಿ ನ್ಯುಮೋಕಾಕಲ್ ಲಸಿಕೆಯಿಂದ ಹುಟ್ಟಬೇಕಾದ ಪ್ರತಿಕಾಯಗಳ ಮಟ್ಟ ಏಳನೇ ತಿಂಗಳಿನಲ್ಲಿ ಕಡಿಮೆಯಿತ್ತು. ಬೈಫಿಡೋಬ್ಯಾಕ್ಟೀರಿಯಾ ಹೇರಳವಾಗಿದ್ದ ಕೂಸುಗಳಲ್ಲಿ ಲಸಿಕೆ ಚೆನ್ನಾಗಿ ಹಿಡಿದಿತ್ತು. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಮಾತ್ರ ಔಷಧ ಕೊಟ್ಟಿದ್ದ ಕೂಸುಗಳಲ್ಲಿ ಈ ಕುಂದು ಕಾಣಲಿಲ್ಲ. ನಮ್ಮಲ್ಲೂ ನ್ಯುಮೋಕಾಕಲ್ ಲಸಿಕೆಯನ್ನು ಆರನೇ ವಾರ, ಹದಿನಾಲ್ಕನೇ ವಾರ ಮತ್ತು ಒಂಬತ್ತನೇ ತಿಂಗಳಿಗೆ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ. ಆ್ಯಂಟಿಬಯಾಟಿಕ್ ಪಡೆದ ಕೂಸಿಗೆ ಲಸಿಕೆ ವ್ಯರ್ಥ ಎಂದು ಯಾರೂ ತಿಳಿಯಬಾರದು. ಅಂಥ ಕೂಸಿಗೆ ಒಂದು ಡೋಸೂ ತಪ್ಪದಂತೆ ನೋಡಿಕೊಳ್ಳುವುದು ಇನ್ನಷ್ಟು ಅಗತ್ಯ.

ಉಬ್ಬಸದ ವಿಷಯದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅನುಭವ ಆಸೆ ಹುಟ್ಟಿಸುವಂಥದು. 2000ದಿಂದ 2014ರ ನಡುವೆ ಅಲ್ಲಿ ವರ್ಷದೊಳಗಿನ ಕೂಸುಗಳಿಗೆ ಆ್ಯಂಟಿಬಯಾಟಿಕ್ ಬರೆಯುವುದು ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ಅವಧಿಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಹೊಸದಾಗಿ ಉಬ್ಬಸ ಕಾಣಿಸಿಕೊಳ್ಳುವುದು ಸಾವಿರಕ್ಕೆ 27ರಿಂದ 20ಕ್ಕೆ ಇಳಿಯಿತು. ಇಂಥ ಲೆಕ್ಕಗಳನ್ನು ಎಚ್ಚರದಿಂದ ಓದಬೇಕೆಂಬುದೂ ನಿಜ. ಉಬ್ಬಸಕ್ಕೆ ತಿರುಗಲಿರುವ ಮಗುವಿಗೇ ಚಿಕ್ಕಂದಿನಲ್ಲಿ ಹೆಚ್ಚು ಕೆಮ್ಮು ಬಂದು, ಅದಕ್ಕೇ ಹೆಚ್ಚು ಔಷಧ ಬಿದ್ದಿರಬಹುದು. ಸ್ವೀಡನ್ನಿನಲ್ಲಿ 2014ರಲ್ಲಿ ಒಡಹುಟ್ಟಿದವರನ್ನು ಪರಸ್ಪರ ಹೋಲಿಸಿ ನೋಡಿದಾಗ ಈ ನಂಟು ಬಹಳ ಸಡಿಲವಾಯಿತು. ಆದ್ದರಿಂದ ‘ಒಂದು ಬಾಟಲಿ ಕುಡಿಸಿದ್ದಕ್ಕೇ ನನ್ನ ಮಗಳಿಗೆ ಉಬ್ಬಸ ಬಂತು’ ಎಂದು ಯಾವ ತಾಯಿಯೂ ಕೊರಗಬೇಕಿಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಗುವ ಪೆಟ್ಟು, ಹೆಚ್ಚುವ ಔಷಧ ನಿರೋಧಕತೆ ಇವೆರಡರ ಬಗ್ಗೆ ಗೊಂದಲವಿಲ್ಲ. ಬೇಡದ ಔಷಧ ಬಿಡಲು ಅಷ್ಟೇ ಸಾಕು.

ಬೆಳಗಾವಿಯಲ್ಲಿ ತಿಳಿದದ್ದು

ನಮ್ಮ ರಾಜ್ಯದಲ್ಲೇ ಇದಕ್ಕೆ ಹತ್ತಿರದ ದೊಡ್ಡ ಪರೀಕ್ಷೆಯೊಂದು ನಡೆದಿದೆ. ಹೆರಿಗೆ ನೋವು ಶುರುವಾದ ತಾಯಂದಿರಿಗೆ ಒಂದೇ ಸಲ 2 ಗ್ರಾಂ ಅಜಿತ್ರೋಮೈಸಿನ್ ನುಂಗಿಸಿದರೆ ತಾಯಿ ಮಗು ಇಬ್ಬರಿಗೂ ನಂಜು ತಪ್ಪೀತೇ ಎಂದು ಏಳು ದೇಶಗಳಲ್ಲಿ 29 ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನೋಡಿದರು. ಭಾರತದ ಎರಡು ಕೇಂದ್ರಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಒಂದು, ನಾಗಪುರ ಇನ್ನೊಂದು. 2023ರಲ್ಲಿ ಫಲಿತಾಂಶ ಬಂತು. ತಾಯಂದಿರಲ್ಲಿ ನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿದಿತ್ತು, ಅದು ಸಣ್ಣ ಲಾಭವಲ್ಲ. ಕೂಸುಗಳಲ್ಲಿ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ: ಔಷಧ ಕೊಟ್ಟ ಕಡೆ 10.5, ಕೊಡದ ಕಡೆ 10.3. ಒಂದೇ ಔಷಧ, ಒಂದೇ ಗಳಿಗೆ, ತಾಯಿಗೆ ಉಪಯೋಗವಾಯಿತು, ಕೂಸಿಗೆ ಆಗಲಿಲ್ಲ. ‘ಇರಲಿ, ಮುಂಜಾಗ್ರತೆಗೆ ಒಂದು ಆ್ಯಂಟಿಬಯಾಟಿಕ್’ ಎನ್ನುವ ನಮ್ಮ ರೂಢಿಗೆ ಈ ಎರಡು ಅಂಕಿಗಳು ಉತ್ತರ ಕೊಡುತ್ತವೆ.

ತಮಿಳುನಾಡಿನ ವೆಲ್ಲೂರಿನಲ್ಲೂ ಇಂಥದೇ ಒಂದು ಪ್ರಯತ್ನ ನಡೆದಿತ್ತು. ಪೋಲಿಯೋ ಹನಿ ಹಾಕುವ ಮೊದಲು ಕೂಸುಗಳಿಗೆ ಅಜಿತ್ರೋಮೈಸಿನ್ ಕೊಟ್ಟರೆ ಕರುಳಿನ ರೋಗಾಣುಗಳು ಕಡಿಮೆಯಾಗಿ ಲಸಿಕೆ ಚೆನ್ನಾಗಿ ಹಿಡಿದೀತು ಎಂಬುದು ಎಣಿಕೆ. ರೋಗಾಣುಗಳು ಕಡಿಮೆಯಾದವು, ಲಸಿಕೆಯ ಫಲ ಮಾತ್ರ ಹೆಚ್ಚಲಿಲ್ಲ.

ಕೂಸಿಗೆ ಬೇಕೋ ಬೇಡವೋ?

ಮನೆಯಲ್ಲಿ ಕೂತು ಇದನ್ನು ಪೂರ್ತಿ ತೀರ್ಮಾನಿಸಲಾಗದು, ಆದರೆ ಆಸ್ಪತ್ರೆಗೆ ಈಗಲೇ ಓಡಬೇಕೋ ಎರಡು ದಿನ ಕಾಯಬಹುದೋ ಎಂಬುದನ್ನು ತಿಳಿಯಬಹುದು. ಕೆಮ್ಮು, ನೆಗಡಿ ಇದ್ದಾಗ ಉಸಿರು ಎಣಿಸುವುದೇ ದಾರಿ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸಿರುತ್ತಾರೆ, ತಾಯಂದಿರೂ ಕಲಿಯಬಹುದು. ಕೂಸು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಮಲಗಿದ್ದರೆ ಒಳ್ಳೆಯದು. ಅಂಗಿ ಮೇಲಕ್ಕೆತ್ತಿ ಹೊಟ್ಟೆ ನೋಡಿ. ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಒಂದು ನಿಮಿಷ ಹಚ್ಚಿ, ಪೂರ್ತಿ ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬೇಡಿ, ಎಳೆಗೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಮೇಲೆ, ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಮೇಲೆ ಬಂದರೆ ಅದು ವೇಗದ ಉಸಿರು. ನ್ಯುಮೋನಿಯಾ ಇರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂಡುವುದೂ ಬೇಡ, ಹೊರಡಿ.

ಉಸಿರು ಸಹಜವಾಗಿದೆ, ಕೂಸು ಹಾಲು ಕುಡಿಯುತ್ತಿದೆ, ಜ್ವರ ಇಳಿದಾಗ ಆಡುತ್ತಿದೆ ಎಂದರೆ ಅದು ಬಹುತೇಕ ವೈರಸ್‌ನ ನೆಗಡಿಯೇ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕೆಂದಿಲ್ಲ. ನೆಗಡಿ ಹಣ್ಣಾಗುವಾಗ ಬಣ್ಣ ಹಾಗೆ ತಿರುಗುವುದು ಸಹಜ. ಪದೇ ಪದೇ ಎದೆಹಾಲು, ಮೂಗು ಕಟ್ಟಿದರೆ ಉಪ್ಪುನೀರಿನ ಹನಿ, ಜ್ವರಕ್ಕೆ ತೂಕ ನೋಡಿ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಇಷ್ಟೇ ಚಿಕಿತ್ಸೆ. ಒಂದು ವರ್ಷ ತುಂಬುವ ಮೊದಲು ಕೆಮ್ಮಿಗೆಂದು ಜೇನು ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣು ಕೂಸಿಗೆ ಅಪಾಯ.

ಭೇದಿಗೂ ಇದೇ ಮಾತು. ನೀರಿನಂಥ ಭೇದಿಗೆ ಹೆಚ್ಚಾಗಿ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ಕೊಟ್ಟರೆ ಭೇದಿ ಹೆಚ್ಚಾಗುವುದೂ ಉಂಟು. ಒಆರ್‌ಎಸ್ ಮತ್ತು ಸತು ಗುಳಿಗೆ ಇದರ ಔಷಧ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಪ್ಯಾಕೆಟ್ ಒಂದು ಲೀಟರ್ ಶುದ್ಧ ನೀರಿಗೆ. ಅರ್ಧ ಪ್ಯಾಕೆಟ್ ಅರ್ಧ ಲೋಟಕ್ಕೆ ಎಂದು ಅಂದಾಜಿಗೆ ಹಾಕಬೇಡಿ, ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಿಬಿಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚದಲ್ಲಿ ನಿಧಾನಕ್ಕೆ. ಸತು ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿ.ಗ್ರಾಂ, ಆರು ತಿಂಗಳ ಮೇಲೆ 20 ಮಿ.ಗ್ರಾಂ, ಭೇದಿ ನಿಂತರೂ 14 ದಿನ. ಗುಳಿಗೆಯನ್ನು ಚಮಚದಲ್ಲಿ ಎದೆಹಾಲಿಗೋ ನೀರಿಗೋ ಕರಗಿಸಿ ಕುಡಿಸಬಹುದು. ಒಆರ್‌ಎಸ್ ಮತ್ತು ಸತು ಎರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮಲದಲ್ಲಿ ರಕ್ತ ಕಂಡರೆ ಲೆಕ್ಕ ಬೇರೆ, ಆಗ ಆ್ಯಂಟಿಬಯಾಟಿಕ್ ಬೇಕಾಗುತ್ತದೆ, ವೈದ್ಯರಲ್ಲಿಗೆ ಹೋಗಬೇಕು. ಕಣ್ಣು ಗುಳಿಬಿದ್ದರೆ, ಕೂಸು ಮಂಕಾಗಿ ಕುಡಿಯುವುದನ್ನೇ ಬಿಟ್ಟರೆ ತಡ ಮಾಡಬೇಡಿ.

ಎರಡು ತಿಂಗಳೊಳಗಿನ ಕೂಸಿನ ವಿಷಯದಲ್ಲಿ ಮೇಲೆ ಹೇಳಿದ ‘ಕಾಯಬಹುದು’ ಎಂಬ ಮಾತೇ ಇಲ್ಲ. ಮೈ ಬಿಸಿಯಾಗಿದ್ದರೆ, ಅಥವಾ ತಣ್ಣಗಾಗಿದ್ದರೆ, ಮೊಲೆ ಹಿಡಿಯದಿದ್ದರೆ, ಎಬ್ಬಿಸಿದರೂ ಏಳದೆ ಜೋಲುತ್ತಿದ್ದರೆ, ಫಿಟ್ಸ್ ಬಂದರೆ ನೇರ ಆಸ್ಪತ್ರೆ. ಕಮಲಾಪುರ ಕಡೆಯವರು 108ಕ್ಕೆ ಕರೆ ಮಾಡಿ, ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಕಳಿಸಿದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಬರಬಹುದು. ವರ್ಷದೊಳಗಿನ ಕಾಯಿಲೆಯ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಪರೀಕ್ಷೆ, ವಾಹನ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ನವಜಾತ ಶಿಶು ಘಟಕದಲ್ಲಿ ಇಂಜೆಕ್ಷನ್ ಮೂಲಕ ಆ್ಯಂಟಿಬಯಾಟಿಕ್ ಶುರು ಮಾಡಿದರೆ ಬೇಡ ಎನ್ನಬೇಡಿ. ಹಸುಗೂಸಿನ ನಂಜು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಆದರೆ ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ: ‘ರಕ್ತದ ಕಲ್ಚರ್ ಕಳಿಸೀರೇನ್ರಿ ಡಾಕ್ಟರ್? ವರದಿ ಬಂದ ಮ್ಯಾಲ ಔಷಧ ಮುಂದುವರಿಸಬೇಕಾಗ್ತದೇನ್ರಿ?’ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಕೂಸೂ ಚೇತರಿಸಿಕೊಂಡಿದ್ದರೆ ವೈದ್ಯರು ಔಷಧವನ್ನು ಬೇಗ ನಿಲ್ಲಿಸುವ ನಿರ್ಧಾರ ಮಾಡಬಲ್ಲರು.

ಸಿಸೇರಿಯನ್ ಆದ ತಾಯಂದಿರಿಗೂ ಒಂದು ಮಾತು. ಕೊಯ್ಯುವ ಮೊದಲು ಕೊಡುವ ಆ್ಯಂಟಿಬಯಾಟಿಕ್ ನಿಮ್ಮ ಗಾಯಕ್ಕೆ ನಂಜಾಗದಿರಲು ಬೇಕೇ ಬೇಕು. ಸಿಸೇರಿಯನ್ ಕೂಸುಗಳ ಕರುಳಿನ ಬ್ಯಾಕ್ಟೀರಿಯಾಗಳು ಮೊದಮೊದಲು ಬೇರೆಯಾಗಿರುತ್ತವೆ ಎಂಬುದು ನಿಜ. ಅದಕ್ಕೆ ನಿಮ್ಮ ಕೈಯಲ್ಲಿರುವ ಉಪಾಯವೆಂದರೆ ಕೂಸನ್ನು ಎದೆಗೆ ಹಚ್ಚಿಕೊಳ್ಳುವುದು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಬಾಟಲಿಯನ್ನು ಕೈಯಲ್ಲಿ ಹಿಡಿದಾಗ

ವೈದ್ಯರ ಮುಂದೆ ಕೂತಾಗ ಕೇಳಿ: ‘ಇದು ಆ್ಯಂಟಿಬಯಾಟಿಕ್ ಏನ್ರಿ? ಯಾವುದಕ್ಕ ಕೊಡ್ಲಾಕತ್ತೀರಿ? ಎರಡು ದಿನ ಕಾದು ನೋಡಿದ್ರ ನಡೀತದೇನ್ರಿ?’ ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ಅನೇಕ ವೈದ್ಯರು ಆ್ಯಂಟಿಬಯಾಟಿಕ್ ಬರೆಯುವುದು ಮನೆಯವರು ಅದನ್ನೇ ಬಯಸುತ್ತಾರೆಂದು ತಿಳಿದು. ‘ಒಂದು ಸೂಜಿನಾದ್ರೂ ಮಾಡ್ರಿ’ ಎಂದು ನಾವೇ ಒತ್ತಾಯ ಮಾಡುವುದನ್ನು ಬಿಟ್ಟರೆ ಅವರ ಕೆಲಸವೂ ಹಗುರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಅಮಾಕ್ಸಿಸಿಲಿನ್ ಮೊದಲು ಬಳಸಬೇಕಾದ ಗುಂಪಿನಲ್ಲಿದೆ. ಅಜಿತ್ರೋಮೈಸಿನ್, ಸೆಫಿಕ್ಸಿಮ್ ಎರಡೂ ಎಚ್ಚರದಿಂದ ಬಳಸಬೇಕಾದ ಎರಡನೇ ಗುಂಪಿನವು. ನಮ್ಮಲ್ಲಿ ಈ ಎರಡನೇ ಗುಂಪೇ ಅಂಗಡಿಯ ಕೌಂಟರ್ ದಾಟಿ ಸಲೀಸಾಗಿ ಬರುತ್ತದೆ, ನನಗೆ ಬಹಳ ಕಳವಳ ತರುವುದು ಇದೇ.

ಕಾನೂನು ಇದೆ. ಸೆಫಿಕ್ಸಿಮ್‌ನಂಥ ಔಷಧಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಯಾರು ಬರೆದರು, ಯಾರಿಗೆ ಕೊಟ್ಟೆವು, ಎಷ್ಟು ಕೊಟ್ಟೆವು ಎಂದು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಡಬೇಕು. ಡಬ್ಬಿಯ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ. ಗುಳಿಗೆಯ ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೂ ಅದು ವೈದ್ಯರು ಹೇಳದೆ ತೆಗೆದುಕೊಳ್ಳಬಾರದ ಔಷಧ ಎಂದೇ ಅರ್ಥ. ಓದು ಬಾರದವರಿಗೂ ಕೆಂಪು ಗೆರೆ ಕಾಣುತ್ತದೆ, ಅಜ್ಜಿಗೂ ತೋರಿಸಿಡಿ.

ವೈದ್ಯರು ನಿಜಕ್ಕೂ ಬರೆದುಕೊಟ್ಟರೆ ಆ ಪುಡಿ ಬಾಟಲಿಯನ್ನು ಸರಿಯಾಗಿ ಕಲಸುವುದು ನಿಮ್ಮ ಕೆಲಸ. ಬಾಟಲಿಯ ಮೈಮೇಲೆ ಅಥವಾ ಲೇಬಲ್ ಮೇಲೆ ಒಂದು ಗೆರೆಯೋ ಬಾಣದ ಗುರುತೋ ಇರುತ್ತದೆ. ಮೊದಲು ಬಾಟಲಿಯನ್ನು ತಟ್ಟಿ ತಳಕ್ಕಂಟಿದ ಪುಡಿ ಬಿಡಿಸಿ. ಕುದಿಸಿ ಆರಿಸಿದ ನೀರನ್ನು ಅರ್ಧ ಹಾಕಿ ಚೆನ್ನಾಗಿ ಅಲುಗಾಡಿಸಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಅಲುಗಾಡಿಸಿ. ನೊರೆಯನ್ನೇ ನೀರಿನ ಮಟ್ಟ ಎಂದು ತಿಳಿದು ಕಡಿಮೆ ನೀರು ಹಾಕಿದರೆ ಔಷಧ ಗಟ್ಟಿಯಾಗಿ ಪ್ರಮಾಣ ಹೆಚ್ಚಾಗುತ್ತದೆ. ಪ್ರತಿ ಸಲ ಕುಡಿಸುವ ಮುನ್ನವೂ ಅಲುಗಾಡಿಸಬೇಕು, ಇಲ್ಲವಾದರೆ ಮೊದಲ ದಿನ ನೀರು, ಕೊನೆಯ ದಿನ ಗಸಿ ಕುಡಿಸಿದಂತಾಗುತ್ತದೆ. ಅಳೆಯಲು ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಕಲಸಿದ ಔಷಧ ಸಾಮಾನ್ಯವಾಗಿ ಏಳು ದಿನ ಮಾತ್ರ ಕೆಲಸಕ್ಕೆ ಬರುತ್ತದೆ, ಎಷ್ಟು ದಿನ, ಫ್ರಿಜ್‌ನಲ್ಲಿಡಬೇಕೇ ಎಂಬುದು ಲೇಬಲ್ ಮೇಲೆ ಬರೆದಿರುತ್ತದೆ. ಬೇಸಿಗೆಯಲ್ಲಿ 42-43 ಡಿಗ್ರಿ ಏರುವ ನಮ್ಮ ಕಡೆ, ಪತ್ರಾಸಿನ ಮನೆಯ ಮಾಡದಲ್ಲಿಟ್ಟ ಬಾಟಲಿ ಅಷ್ಟು ದಿನವೂ ತಾಳದು. ಫ್ರಿಜ್ ಇಲ್ಲದವರು ಅದನ್ನು ಔಷಧ ಬರೆಯುವಾಗಲೇ ವೈದ್ಯರಿಗೆ ಹೇಳಿದರೆ, ನೀರಿನಲ್ಲಿ ಕರಗುವ ಗುಳಿಗೆ ಬರೆದುಕೊಡಬಲ್ಲರು. ಉಳಿದದ್ದನ್ನು ಮುಂದಿನ ನೆಗಡಿಗೆ ಎಂದು ಎತ್ತಿಡಬೇಡಿ, ತಂಗಿಯ ಮಗುವಿಗೆ ಎಂದು ಕಳಿಸಲೂ ಬೇಡಿ. ವೈದ್ಯರು ಐದು ದಿನ ಎಂದರೆ ಐದು ದಿನ: ಮೂರನೇ ದಿನ ಆರಾಮಾಯಿತೆಂದು ನಿಲ್ಲಿಸುವುದಾಗಲಿ, ಹತ್ತು ದಿನಕ್ಕೆ ಎಳೆಯುವುದಾಗಲಿ ಬೇಡ.

ಔಷಧ ಕುಡಿಸುವಾಗ ಕೂಸಿಗೆ ಸ್ವಲ್ಪ ಭೇದಿ ಆಗಬಹುದು. ಅದನ್ನು ನಿಲ್ಲಿಸಲು ಇನ್ನೊಂದು ಆ್ಯಂಟಿಬಯಾಟಿಕ್ ಕೇಳಬೇಡಿ. ಮೈಮೇಲೆ ದದ್ದು ಎದ್ದರೆ, ಮುಖ ಬಾತರೆ, ಉಸಿರಾಟಕ್ಕೆ ತೊಂದರೆಯಾದರೆ ಔಷಧ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಆಮೇಲೆ ಉಣಿಸುವುದು

ಆ್ಯಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ಪುಡಿ ಕೊಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ಒಂದು ನಿರ್ದಿಷ್ಟ ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನೂ ಅದರ ಆಹಾರವಾದ ಸಕ್ಕರೆಯನ್ನೂ ಸೇರಿಸಿ ಏಳು ದಿನ ಕೊಟ್ಟು ನೋಡಿದ್ದರು. ನಂಜು ಮತ್ತು ಸಾವು ಶೇ. 40ರಷ್ಟು ಇಳಿದವು ಎಂದು 2017ರಲ್ಲಿ ವರದಿ ಬಂತು. ಅದು ನಮ್ಮ ದೇಶದ ಹೆಮ್ಮೆಯ ಸಂಶೋಧನೆ. ಆದರೆ ಆ ಫಲ ಆ ತಳಿಯದು, ಅಂಗಡಿಯಲ್ಲಿ ಸಿಗುವ ಪ್ರತಿ ಪೊಟ್ಟಣದ್ದಲ್ಲ. ಇಸ್ರೇಲಿನಲ್ಲಿ 2018ರಲ್ಲಿ ವಯಸ್ಕರ ಮೇಲೆ ನೋಡಿದಾಗ, ಆ್ಯಂಟಿಬಯಾಟಿಕ್ ನಂತರ ಕೊಟ್ಟ ಪ್ರೋಬಯಾಟಿಕ್ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳಿ ಬರುವುದನ್ನೇ ತಡ ಮಾಡಿತ್ತು. ಔಷಧದಿಂದಾಗುವ ಭೇದಿ ತಗ್ಗಿಸಲು ಕೆಲವು ತಳಿಗಳು ಮಕ್ಕಳಿಗೆ ಉಪಯೋಗವಾಗುತ್ತವೆ, ವೈದ್ಯರು ಹೇಳಿದರೆ ಕೊಡಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಮಾತ್ರ ಸ್ವಂತ ಬುದ್ಧಿಯಿಂದ ಎಂದೂ ಕೊಡಬೇಡಿ.

ಆರು ತಿಂಗಳವರೆಗೆ ಎದೆಹಾಲಿಗಿಂತ ಮಿಗಿಲಾದ ಉಪಚಾರವಿಲ್ಲ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಸಕ್ಕರೆ ನೀರು, ಗುಟ್ಟಿ ಬೇಡ. ನಮ್ಮ ಬಿಸಿಲಿನಲ್ಲಿ ‘ಕೂಸಿಗಿ ನೀರಡಿಕಿ ಆಗ್ತದ’ ಎಂದು ಹಿರಿಯರು ನೀರು ಕುಡಿಸುವುದುಂಟು. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ, ಬೇಸಿಗೆಯಲ್ಲಿ ಇನ್ನೊಂದೆರಡು ಸಲ ಹೆಚ್ಚು ಹಾಲು ಕುಡಿಸಿದರೆ ಸಾಕು. ಹೊರಗಿನ ನೀರಿನ ಜೊತೆ ಭೇದಿ ಬರುತ್ತದೆ, ಭೇದಿಯ ಹಿಂದೆ ಬಾಟಲಿ ಬರುತ್ತದೆ.

ಆರು ತಿಂಗಳ ಮೇಲೆ ನಮ್ಮ ಅಡುಗೆಮನೆಯಲ್ಲೇ ಬೇಕಾದ್ದೆಲ್ಲ ಇದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ನಾರು. ಜೋಳದ ಗಂಜಿ, ಮೆತ್ತಗೆ ಬೇಯಿಸಿ ಅರೆದ ತೊಗರಿ ಬೇಳೆ, ಹಾಲಿನಲ್ಲಿ ನೆನೆಸಿ ಕಿವುಚಿದ ಬಿಸಿ ರೊಟ್ಟಿ, ಬೇಯಿಸಿದ ಸೊಪ್ಪು, ಮನೆಯ ಮೊಸರು ಕಲಸಿದ ಅನ್ನ, ಒಂದೊಂದಾಗಿ ರೂಢಿ ಮಾಡಿ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ಅದಕ್ಕೆ ಬೇರೆ ಬಾಳೆಗಿಲ್ಲದ ಔಷಧ ಶಕ್ತಿ ಇದೆ ಎಂದು ನಾನು ಹೇಳುವುದಿಲ್ಲ. ಆದರೆ ನಾರಿದೆ, ಮೆತ್ತಗಿದೆ, ಊರಲ್ಲೇ ಬೆಳೆಯುತ್ತದೆ, ಡಬ್ಬಿ ಆಹಾರಕ್ಕಿಂತ ಎಷ್ಟೋ ಮೇಲು.

ಸೋಂಕೇ ಬಾರದಂತೆ ತಡೆದರೆ ಆ್ಯಂಟಿಬಯಾಟಿಕ್‌ನ ಪ್ರಶ್ನೆಯೇ ಏಳದು. ನ್ಯುಮೋಕಾಕಲ್ ಮತ್ತು ರೋಟಾವೈರಸ್ ಲಸಿಕೆಗಳಿಂದ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ 3.7 ಕೋಟಿಯಷ್ಟು ಸಲ ಆ್ಯಂಟಿಬಯಾಟಿಕ್ ಕೊಡುವುದು ತಪ್ಪುತ್ತಿದೆ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಎರಡೂ ಲಸಿಕೆಗಳು ನಮ್ಮ ಆರೋಗ್ಯ ಕೇಂದ್ರಗಳಲ್ಲೂ ಅಂಗನವಾಡಿಯ ಲಸಿಕೆ ದಿನಗಳಲ್ಲೂ ಸಿಗುತ್ತವೆ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಎರಡು ವರ್ಷದೊಳಗಿನ ಕೂಸಿದ್ದರೆ ತಾಯಿ ಕಾರ್ಡಿನ ಖಾಲಿ ಪುಟ ತೆಗೆದು, ಈವರೆಗೆ ಕೊಟ್ಟ ಆ್ಯಂಟಿಬಯಾಟಿಕ್‌ನ ಹೆಸರು, ಯಾವ ಕಾಯಿಲೆಗೆ, ಎಷ್ಟು ದಿನ ಎಂದು ನೆನಪಿದ್ದಷ್ಟು ಬರೆಯಿರಿ. ಮುಂದೆ ಯಾವ ವೈದ್ಯರ ಬಳಿ ಹೋದರೂ, ಔಷಧದ ಚೀಟಿ ಬರೆಯುವ ಮೊದಲು ಆ ಪುಟವನ್ನು ಅವರ ಮುಂದಿಡಿ.